ಬಾಹ್ಯಾಕಾಶ ಪಡೆಯಲ್ಲಿ ಏನು ಕೆಲಸ? ನಮ್ಮ ದೇಶದಲ್ಲಿ ಯಾವ ಸೇನೆ ಸೇರಿದರೆ ಅಲ್ಲಿಗೆ ಹೋಗಬಹುದು?

ಹೇಮಾವತಿ_ಹಾಸನ

ಎಲ್ಲರಿಗೂ ನಮಸ್ಕಾರ. ಮಗಳು ಸೆಕೆಂಡ್ ಪಿಯುಸಿ, ಸೈನ್ಸ್. ಸೇನಾ ಅಧಿಕಾರಿಗಳಾಗಲು ಬರೆಯುವ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆ ಬರೆದು ಸ್ಪೇಸ್ ಫೋರ್ಸ್, ಅಂದರೆ ಬಾಹ್ಯಾಕಾಶ ಪಡೆ, ಸೇರುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅವರಪ್ಪ ಬೇಡ ಅನ್ನುತ್ತಿಲ್ಲ. ಆದರೆ ಅದು ಯಾವ ಸೇನೆಗೆ ಸೇರಿದ್ದು, ಅರ್ಜಿ ಎಲ್ಲಿ ಹಾಕಬೇಕು, ಒಳಗೆ ಏನು ಕೆಲಸ ಮಾಡಿಸುತ್ತಾರೆ, ನಮಗೆ ಏನೂ ಗೊತ್ತಿಲ್ಲ. ಕೇಳಿದರೆ ಅವಳು ಅಮೆರಿಕದ ವಿಡಿಯೊ ತೋರಿಸುತ್ತಾಳೆ. ನಮ್ಮ ಮನೆ ಸಾಲಗಾಮೆ ರೋಡ್ ಕಡೆ, ಹಾಗಾಗಿ ಉಪಗ್ರಹಗಳನ್ನು ನಿಯಂತ್ರಿಸುವ ಎಂಸಿಎಫ್ ಕೇಂದ್ರದ ದೊಡ್ಡ ಡಿಶ್‌ಗಳನ್ನು ನೋಡಿಕೊಂಡೇ ಬೆಳೆದವಳು. ಅದೇ ಸೈನ್ಯದ ಬಾಹ್ಯಾಕಾಶ ಕೇಂದ್ರ ಅಂತ ಬೀದಿಯಲ್ಲಿ ಕೆಲವರು ಹೇಳುತ್ತಾರೆ, ಅಲ್ಲ ಅಂತ ಇನ್ನು ಕೆಲವರು. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ಹುಡುಗಿಯ ಭವಿಷ್ಯದ ವಿಷಯ, ಸುಮ್ನೆ ಯಾರೋ ಹೇಳಿದ್ದು ಕೇಳಿ ಹೆಜ್ಜೆ ಇಡೋಕೆ ಆಗಲ್ಲ.

ಅರಸೀಕೆರೆ_ಎಕ್ಸ್‌ಪ್ರೆಸ್

ಅಕ್ಕ, ಸ್ಪೇಸ್ ಫೋರ್ಸ್ ಇರೋದು ಅಮೆರಿಕದಲ್ಲಿ. ನಮ್ಮಲ್ಲಿ ಇಲ್ಲ. ಗಗನಯಾನಕ್ಕೆ ಆಯ್ಕೆಯಾದವರು ವಾಯುಪಡೆಯವರು, ಹಾಗಾಗಿ ವಾಯುಪಡೆ ಸೇರಿಸಿ, ಅಷ್ಟೇ.

ನಿವೃತ್ತ_ರೇಡಾರ್

ಮೇಡಂ, ನಾನು ವಾಯುಪಡೆಯಲ್ಲಿ ರೇಡಾರ್ ಕಡೆ ಕೆಲಸ ಮಾಡಿ ನಿವೃತ್ತಿಯಾದವನು. ಈಗ ಹಾಸನದಲ್ಲೇ ಇದ್ದೇನೆ. ಮೇಲಿನವರು ಹೇಳಿದ್ದರಲ್ಲಿ ಅರ್ಧ ಸರಿ. ನಮ್ಮಲ್ಲಿ ಸ್ಪೇಸ್ ಫೋರ್ಸ್ ಅಂತ ಬೇರೆ ಪಡೆ ಇಲ್ಲ, ನಿಜ. ಆದರೆ ಗಗನಯಾನಿಗಳಿಗೂ ಬಾಹ್ಯಾಕಾಶ ಪಡೆಗೂ ಸಂಬಂಧ ಇಲ್ಲ. ಗಗನಯಾನ ಇಸ್ರೊದ್ದು, ನಾಗರಿಕ ಕೆಲಸ. ಶುಭಾಂಶು ಶುಕ್ಲಾ 2025ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದರಲ್ಲ, ಅವರನ್ನು ಆರಿಸಿದ್ದು ಟೆಸ್ಟ್ ಪೈಲಟ್ ಆಗಿದ್ದಕ್ಕೆ. ಆ ಕೆಲಸದ ದಾರಿಯೇ ಬೇರೆ.

ಬಾಹ್ಯಾಕಾಶ ಪಡೆಯ ಸೈನಿಕ ಮೇಲಕ್ಕೆ ಹೋಗುವುದಿಲ್ಲ. ಅಮೆರಿಕದಲ್ಲೂ ಅಷ್ಟೇ, ಬೆರಳೆಣಿಕೆಯ ಗಗನಯಾನಿಗಳನ್ನು ಬಿಟ್ಟರೆ ಉಳಿದವರೆಲ್ಲ ನೆಲದ ಮೇಲೆ, ಕಿಟಕಿ ಇಲ್ಲದ ಕೋಣೆಯಲ್ಲಿ, ಶಿಫ್ಟ್ ಲೆಕ್ಕದಲ್ಲಿ ಪರದೆ ನೋಡುತ್ತಾ ಕೂತಿರುತ್ತಾರೆ. ಇದನ್ನು ಮೊದಲೇ ಮಗಳಿಗೆ ಹೇಳಿ. ಕೇಳಿದ ಮೇಲೂ ಆಸಕ್ತಿ ಉಳಿದರೆ ಒಳ್ಳೆ ಕೆಲಸ ಅದು, ನಾನು ಮನಸ್ಸಿಟ್ಟು ಹೇಳುತ್ತಿದ್ದೇನೆ.

ಅವರು ಕೂತು ಮಾಡುವುದು ಏನು? ಒಂದು ಉದಾಹರಣೆ ಕೊಡುತ್ತೇನೆ. 2020ರ ಜನವರಿ 8ರ ರಾತ್ರಿ ಇರಾನ್ ದೇಶ ಇರಾಕ್‌ನ ಅಲ್ ಅಸದ್ ನೆಲೆ ಮೇಲೆ ಬ್ಯಾಲಿಸ್ಟಿಕ್ ಕ್ಷಿಪಣಿ ಹಾರಿಸಿತು. ಅಲ್ಲಿ ಅಮೆರಿಕದ ಸೈನಿಕರು ಇದ್ದರು. ಕ್ಷಿಪಣಿ ನೆಲ ಬಿಡುವಾಗ ಅದರ ಬೆಂಕಿಯ ಶಾಖ ತುಂಬಾ ಜಾಸ್ತಿ ಇರುತ್ತದೆ. ಮೇಲೆ ಇರುವ ಉಪಗ್ರಹಗಳಲ್ಲಿ ಆ ಶಾಖ ಹಿಡಿಯುವ ಕಣ್ಣು ಇದೆ. ಶಾಖ ಕಂಡ ತಕ್ಷಣ ಅಮೆರಿಕದ ಕೊಲರಾಡೊದಲ್ಲಿ ಕೂತವರು ಅದು ನಿಜವಾದ ಕ್ಷಿಪಣಿಯೋ ಬೇರೆ ಏನೋ ಬೆಂಕಿಯೋ, ಎತ್ತ ಹೋಗುತ್ತಿದೆ, ಎಲ್ಲಿ ಬೀಳಬಹುದು ಅಂತ ನೋಡಿ ಎಚ್ಚರಿಕೆ ಕಳಿಸಬೇಕು. ನಿಮಿಷಗಳ ಕೆಲಸ. ಆ ರಾತ್ರಿ ಬಂಕರ್ ಸೇರಿಕೊಳ್ಳಲು ಸಮಯ ಸಿಕ್ಕಿತು. ನೂರಕ್ಕೂ ಹೆಚ್ಚು ಜನರ ಮಿದುಳಿಗೆ ಪೆಟ್ಟು ಬಿತ್ತು, ಆದರೆ ಒಬ್ಬರೂ ಸಾಯಲಿಲ್ಲ. ಅವರ ಸ್ಪೇಸ್ ಫೋರ್ಸ್ ಹುಟ್ಟಿದ್ದು 2019ರ ಡಿಸೆಂಬರ್ 20ಕ್ಕೆ. ಅಂದರೆ ಹುಟ್ಟಿ ಮೂರು ವಾರ ಕೂಡ ಆಗಿರಲಿಲ್ಲ. ಕೆಲಸ ಗೊತ್ತಿದ್ದ ಜನ ವಾಯುಪಡೆಯಿಂದಲೇ ಬಂದಿದ್ದರು, ಅದಕ್ಕೇ ನಡೆಯಿತು.

ಇದು ಒಂದು ಕೆಲಸ. ಇನ್ನೊಂದು ಮೇಲೆ ಸುತ್ತುವ ಪ್ರತಿ ವಸ್ತುವಿನ ಲೆಕ್ಕ ಇಡುವುದು. ಕೆಟ್ಟ ಉಪಗ್ರಹ, ರಾಕೆಟ್ಟಿನ ತುಂಡು, ಕಳಚಿ ಬಿದ್ದ ಬೋಲ್ಟು, ಎಲ್ಲಾ ಸೇರಿ ಹತ್ತಾರು ಸಾವಿರ. ಕೆಳಗಿನ ಕಕ್ಷೆಯಲ್ಲಿ ಇವು ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ವೇಗದಲ್ಲಿ ಓಡುತ್ತವೆ. ನಾನು ರೇಡಾರ್‌ನವನು, ಅದಕ್ಕೆ ಇದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ. ವಿಮಾನ ಆದರೆ ರೇಡಾರ್ ಪರದೆಯಲ್ಲಿ ಬಹಳ ಹೊತ್ತು ಕಾಣುತ್ತದೆ, ತಿರುಗಿದರೂ ಬಿಡದೆ ಹಿಂಬಾಲಿಸಬಹುದು. ಕಕ್ಷೆಯ ವಸ್ತು ಹಾಗಲ್ಲ. ದಿಗಂತದಿಂದ ಮೇಲೆದ್ದು ಕೆಲವೇ ನಿಮಿಷದಲ್ಲಿ ಆಚೆ ಮುಳುಗುತ್ತದೆ. ಸಿಕ್ಕ ಆ ಚೂರು ಅಳತೆಯಿಂದ ಮುಂದಿನ ದಿನಗಳಲ್ಲಿ ಅದು ಎಲ್ಲಿರುತ್ತದೆ ಅಂತ ಲೆಕ್ಕ ಹಾಕಬೇಕು. ಮೇಲೆ ತೆಳ್ಳಗೆ ಇರುವ ಗಾಳಿ ಸೂರ್ಯನ ಬಿಸಿಗೆ ಉಬ್ಬುತ್ತದೆ, ಆಗ ವಸ್ತು ಸ್ವಲ್ಪ ಸ್ವಲ್ಪ ಕೆಳಗಿಳಿದು ಲೆಕ್ಕ ತಪ್ಪುತ್ತದೆ. ಅದಕ್ಕೆ ಮತ್ತೆ ಮತ್ತೆ ಅಳೆಯಬೇಕು, ಬೇರೆ ಬೇರೆ ಜಾಗದಿಂದ ಅಳೆಯಬೇಕು. ಅಮೆರಿಕದವರು ಪೆಸಿಫಿಕ್ ಸಾಗರದ ಕ್ವಾಜಲೀನ್ ದ್ವೀಪದಲ್ಲಿ ಇದಕ್ಕೇ ಅಂತ ಸ್ಪೇಸ್ ಫೆನ್ಸ್ ಅನ್ನುವ ರೇಡಾರ್ ಹಾಕಿದ್ದಾರೆ, 2020ರಲ್ಲಿ ಶುರುವಾಯಿತು. ನಮ್ಮಲ್ಲಿ ಇದೇ ತರಹದ ಲೆಕ್ಕವನ್ನು ಇಸ್ರೊ ನೇತ್ರ ಅನ್ನುವ ಯೋಜನೆಯಲ್ಲಿ ಮಾಡುತ್ತಿದೆ.

ಇದಲ್ಲದೆ ರಾಕೆಟ್ ಉಡಾವಣೆ ನೆಲೆ ನೋಡಿಕೊಳ್ಳುವುದು, ಸೈನ್ಯದ ಸಂಪರ್ಕ ಉಪಗ್ರಹ ನಡೆಸುವುದು, ಶತ್ರು ಸಿಗ್ನಲ್ ಕೆಡಿಸಿದರೆ ಪತ್ತೆ ಹಚ್ಚುವುದು. ಜಿಪಿಎಸ್ ನಡೆಸುವುದೂ ಅಮೆರಿಕದ ಸ್ಪೇಸ್ ಫೋರ್ಸೇ.

ಸಕಲೇಶಪುರ_ತೋಟ

ಸಾರ್, ಜಿಪಿಎಸ್ ನಡೆಸೋದು ಸೈನ್ಯಾನಾ? ನಾನು ಯಾವುದೋ ಕಂಪನಿ ಅಂದುಕೊಂಡಿದ್ದೆ.

ನಮ್ಮ ಕಡೆ ಆನೆ ಹಾವಳಿ ಎಲ್ಲರಿಗೂ ಗೊತ್ತೇ ಇದೆ. ಅರಣ್ಯ ಇಲಾಖೆಯವರು ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ. ಗುಂಪು ಎಲ್ಲಿದೆ ಅಂತ ನಮ್ಮ ಫೋನಿಗೆ ಮೆಸೇಜ್ ಬರುತ್ತದೆ. ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡೋದು. ಕಾಫಿ ಕೊಯ್ಲಿನ ಸಮಯದಲ್ಲಿ ಯಾವ ಪಟ್ಟೆಗೆ ಆಳು ಕಳಿಸಬೇಕು, ಯಾವ ಕಡೆ ಇವತ್ತು ಬೇಡ ಅಂತ ಅದರ ಮೇಲೆ ತೀರ್ಮಾನ. ಕಾಲರ್‌ಗೆ ಜಾಗ ಗೊತ್ತಾಗೋದು ಜಿಪಿಎಸ್‌ನಿಂದ ಅಲ್ವಾ? ಹಾಗಾದರೆ ನಮ್ಮ ತೋಟದ ಆನೆ ಎಲ್ಲಿದೆ ಅನ್ನೋದು ಅಮೆರಿಕದ ಸೈನ್ಯದ ಕೈಯಲ್ಲಿದೆಯಾ?

ನಿವೃತ್ತ_ರೇಡಾರ್

ಆನೆ ಎಲ್ಲಿದೆ ಅಂತ ಅವರಿಗೆ ಗೊತ್ತಾಗುವುದಿಲ್ಲ ಸಾರ್. ಜಿಪಿಎಸ್ ಉಪಗ್ರಹ ಬರೀ ಸಮಯ ಮತ್ತು ತನ್ನ ಜಾಗ ಹೇಳುತ್ತಾ ಹೋಗುತ್ತದೆ. ಕಾಲರ್ ಅದನ್ನು ಕೇಳಿಸಿಕೊಂಡು ತಾನೇ ಲೆಕ್ಕ ಹಾಕುತ್ತದೆ. ಆ ಲೆಕ್ಕ ಜಿಪಿಎಸ್ ಉಪಗ್ರಹಕ್ಕೆ ವಾಪಸ್ ಹೋಗಲ್ಲ.

ಆದರೆ ಆ ಸಿಗ್ನಲ್ ಕೊಡುವುದು, ಸರಿ ಇಡುವುದು ಅವರ ಕೈಯಲ್ಲೇ ಇದೆ. ಕೊಲರಾಡೊದ ಶ್ರೀವರ್ ನೆಲೆಯಲ್ಲಿ ಒಂದು ಸಣ್ಣ ತುಕಡಿ ಇದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಇರುವ ಮೂವತ್ತು ಚಿಲ್ಲರೆ ಉಪಗ್ರಹಗಳನ್ನು ಹಗಲು ರಾತ್ರಿ ನೋಡಿಕೊಳ್ಳುವುದು ಆ ತುಕಡಿಯೇ. ಒಳಗಿನ ಪರಮಾಣು ಗಡಿಯಾರ ಸೆಕೆಂಡಿನ ಕೋಟಿಯಲ್ಲಿ ಒಂದು ಭಾಗ ತಪ್ಪಿದರೂ ಕೆಳಗೆ ಜಾಗ ಹತ್ತಾರು ಮೀಟರ್ ಆಚೀಚೆ ಆಗುತ್ತದೆ. ಅದಕ್ಕೆ ದಿನವೂ ತಿದ್ದುಪಡಿ ಕಳಿಸುತ್ತಾರೆ. ನಿಮ್ಮ ತೋಟಕ್ಕೂ ಆ ತುಕಡಿಗೂ ಇರುವ ನಂಟು ಇದು.

ಯುದ್ಧದ ಜಾಗದಲ್ಲಿ ಈ ಸಿಗ್ನಲನ್ನು ಕೆಡಿಸುತ್ತಾರೆ. ಉಪಗ್ರಹದ ಸಿಗ್ನಲ್ ನೆಲ ಮುಟ್ಟುವ ಹೊತ್ತಿಗೆ ತುಂಬಾ ಬಡವಾಗಿರುತ್ತದೆ, ಹತ್ತಿರದಿಂದ ಯಾರಾದರೂ ಅದೇ ತರಂಗದಲ್ಲಿ ಜೋರಾಗಿ ಗದ್ದಲ ಹಾಕಿದರೆ ಮುಗಿಯಿತು. ಅದಕ್ಕೇ ಜಿಪಿಎಸ್ ತರಹದ ನಮ್ಮದೇ ವ್ಯವಸ್ಥೆ ನಾವಿಕ್ ಬೇಕು ಅನ್ನುವುದು. ನಾವಿಕ್‌ನ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈನಲ್ಲಿ. ಕೆಲವು ಉಪಗ್ರಹಗಳ ಗಡಿಯಾರ ಕೆಟ್ಟವು. 2025ರ ಜನವರಿಯಲ್ಲಿ ಹಾರಿಸಿದ್ದು ಸರಿಯಾದ ಕಕ್ಷೆ ತಲುಪಲಿಲ್ಲ. ಇದು ನನಗೆ ನಿಜವಾಗಿ ಬೇಸರದ ವಿಷಯ. ನಮ್ಮ ಸೈನಿಕರ ಕೈಯಲ್ಲಿ ನಮ್ಮದೇ ಸಿಗ್ನಲ್ ಇರಬೇಕು.

ಮಲೆನಾಡು_ಮೇಷ್ಟ್ರು

ಹೇಮಾವತಿ ಮೇಡಂ ಎಂಸಿಎಫ್ ಬಗ್ಗೆ ಕೇಳಿದ್ದಕ್ಕೆ ಯಾರೂ ಉತ್ತರಿಸಿಲ್ಲ. ಎಲೆಕ್ಟ್ರಾನಿಕ್ಸ್ ಪಾಠ ಮಾಡುವವನು ನಾನು, ಪ್ರತಿ ವರ್ಷ ಮಕ್ಕಳು ಇದನ್ನೇ ಕೇಳುತ್ತಾರೆ.

ಎಂಸಿಎಫ್ ಸೈನ್ಯದ್ದಲ್ಲ. ಬಾಹ್ಯಾಕಾಶ ಇಲಾಖೆಯದ್ದು, ಇಸ್ರೊ ಕೆಳಗೆ ಬರುತ್ತದೆ. 1982ರಲ್ಲಿ ಇನ್ಸಾಟ್-1ಎ ಉಪಗ್ರಹ ನೋಡಿಕೊಳ್ಳಲು ಶುರುವಾದದ್ದು. 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳು ಇವರ ಪಾಲು. ನಾವಿಕ್ ಉಪಗ್ರಹಗಳನ್ನೂ ಇಲ್ಲಿಂದ ನೋಡಿಕೊಳ್ಳುತ್ತಾರೆ. ಚಂದ್ರಯಾನ, ಮಂಗಳಯಾನ ನಡೆಸಿದ್ದು ಬೆಂಗಳೂರಿನ ಪೀಣ್ಯದಿಂದ. ಎರಡನೇ ಎಂಸಿಎಫ್ ಭೋಪಾಲ್‌ನಲ್ಲಿದೆ, 2005ರಿಂದ.

ಹಾಗಂತ ಸೈನ್ಯಕ್ಕೂ ಹಾಸನಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಜಿಸ್ಯಾಟ್-7 ನೋಡಿ. ನೌಕಾಪಡೆಗಾಗಿಯೇ ಮಾಡಿದ ಉಪಗ್ರಹ, ಅವರು ರುಕ್ಮಿಣಿ ಅನ್ನುತ್ತಾರೆ. 2013ರ ಆಗಸ್ಟ್ 30ರ ನಡುರಾತ್ರಿ ನಮ್ಮ ಗಡಿಯಾರದಲ್ಲಿ ಎರಡು ಗಂಟೆ ಸುಮಾರಿಗೆ ಫ್ರೆಂಚ್ ಗಯಾನಾದ ಕೌರುನಿಂದ ಏರಿಯಾನ್-5 ರಾಕೆಟ್ಟಿನಲ್ಲಿ ಹೋಯಿತು. ರಾಕೆಟ್ ಅದನ್ನು ಬಿಟ್ಟಿದ್ದು ಮೊಟ್ಟೆ ಆಕಾರದ ಕಕ್ಷೆಯಲ್ಲಿ, ಒಂದು ತುದಿ ಭೂಮಿಗೆ ತೀರಾ ಹತ್ತಿರ, ಇನ್ನೊಂದು ತುದಿ 36,000 ಕಿಲೋಮೀಟರ್ ಆಚೆ. ಅಲ್ಲಿಂದ ಮುಂದೆ ಹಾಸನದವರ ಕೆಲಸ. ಉಪಗ್ರಹ ದೂರದ ತುದಿಗೆ ಬಂದಾಗ ಅದರ ವೇಗ ತೀರಾ ಕಡಿಮೆ ಇರುತ್ತದೆ. ಆ ಹೊತ್ತಿಗೆ ಸರಿಯಾಗಿ ಎಂಜಿನ್ ಉರಿಸಬೇಕು, ಆಗ ಹತ್ತಿರದ ತುದಿ ಮೇಲಕ್ಕೆ ಏಳುತ್ತದೆ. ಎಂಜಿನ್ ಸಣ್ಣದು, 440 ನ್ಯೂಟನ್, ಅಂದರೆ ಸುಮಾರು 45 ಕೆಜಿ ಎತ್ತುವಷ್ಟು ಬಲ. ಉಪಗ್ರಹದ ತೂಕ ಎರಡೂವರೆ ಟನ್‌ಗಿಂತ ಜಾಸ್ತಿ. ಹಾಗಾಗಿ ಒಂದೇ ಸಲಕ್ಕೆ ಆಗಲ್ಲ, ಕೆಲವು ದಿನಗಳಲ್ಲಿ ಹಲವು ಸಲ ತುಂಬಾ ಹೊತ್ತು ಉರಿಸುತ್ತಾರೆ. ಪ್ರತಿ ಸಲ ಉರಿಸಿದ ಮೇಲೆ ಮತ್ತೆ ಅಳತೆ, ಮತ್ತೆ ಲೆಕ್ಕ. ಕೊನೆಗೆ ಹಿಂದೂ ಮಹಾಸಾಗರದ ಮೇಲೆ 74 ಡಿಗ್ರಿ ಪೂರ್ವದಲ್ಲಿ ನಿಲ್ಲಿಸಿದರು.

ನಿಲ್ಲಿಸಿದ ಮೇಲೆ ಮುಗಿಯಲ್ಲ. ಸೂರ್ಯ ಚಂದ್ರರ ಸೆಳೆತಕ್ಕೆ ಅದು ಜಾಗ ಬಿಟ್ಟು ಸರಿಯುತ್ತಲೇ ಇರುತ್ತದೆ. ಆಗಾಗ ಸ್ವಲ್ಪ ಇಂಧನ ಉರಿಸಿ ಜಾಗಕ್ಕೆ ತರಬೇಕು. ಇಂಧನ ತೀರುವ ಹೊತ್ತಿಗೆ ಇನ್ನೂ ಮೇಲಿನ ಕಕ್ಷೆಗೆ ತಳ್ಳಿ ಬಿಡುತ್ತಾರೆ, ಬೇರೆ ಉಪಗ್ರಹಕ್ಕೆ ತೊಂದರೆ ಆಗಬಾರದು ಅಂತ.

ಎಲ್ಲ ಸಲವೂ ಗೆಲುವೇ ಅಂತಲ್ಲ. ಜಿಸ್ಯಾಟ್-6ಎ 2018ರ ಮಾರ್ಚ್ 29ಕ್ಕೆ ಹಾರಿತು. 31ರ ಬೆಳಿಗ್ಗೆ ಎರಡನೇ ಸಲ 53 ನಿಮಿಷ ಎಂಜಿನ್ ಉರಿಸಿದರು, ಅದು ಚೆನ್ನಾಗೇ ಆಯಿತು. ಏಪ್ರಿಲ್ 1ಕ್ಕೆ ಮೂರನೆಯದು ಇತ್ತು. ಅಷ್ಟರಲ್ಲಿ ಸಂಪರ್ಕ ಕಡಿದುಹೋಯಿತು, ಮತ್ತೆ ಸಿಗಲಿಲ್ಲ. ಆ ವಾರ ಹಾಸನದಲ್ಲಿ ಎಷ್ಟು ಮನೆಗಳಲ್ಲಿ ಊಟ ಸೇರಿರಲಿಕ್ಕಿಲ್ಲ ಅಂತ ಯೋಚಿಸಿ. ಸೈನಿಕರ ಕೈಯಲ್ಲಿ ಹಿಡಿಯುವ ಸಣ್ಣ ಸೆಟ್‌ಗಳಿಗೂ ಸಿಗ್ನಲ್ ಕೊಡಬಲ್ಲ ದೊಡ್ಡ ಆಂಟೆನಾ ಅದರಲ್ಲಿತ್ತು.

ವಾಯುಪಡೆಗೆ ಜಿಸ್ಯಾಟ್-7ಎ 2018ರ ಡಿಸೆಂಬರ್ 19ಕ್ಕೆ ಶ್ರೀಹರಿಕೋಟದಿಂದ ಹೋಯಿತು. ನೌಕಾಪಡೆಗೆ ರುಕ್ಮಿಣಿಯ ಬದಲಿಗೆ ಜಿಸ್ಯಾಟ್-7ಆರ್ 2025ರ ನವೆಂಬರ್ 2ಕ್ಕೆ ಹೋಯಿತು, ತೂಕ ಸುಮಾರು 4,400 ಕೆಜಿ. ಭೂಸೇನೆಗೆ ಜಿಸ್ಯಾಟ್-7ಬಿ ಮಾಡಲು 2023ರ ಮಾರ್ಚ್‌ನಲ್ಲಿ ಒಪ್ಪಂದ ಆಗಿದೆ. ಅಂದರೆ ಉಪಗ್ರಹ ಮಾಡುವುದು, ಜಾಗಕ್ಕೆ ತಂದು ನಿಲ್ಲಿಸುವುದು ಇಸ್ರೊದ ಎಂಜಿನಿಯರ್‌ಗಳು, ಬಳಸುವುದು ಮೂರು ಸೇನೆ. ನಮ್ಮ ದೇಶದ ವ್ಯವಸ್ಥೆ ಸದ್ಯಕ್ಕೆ ಹೀಗಿದೆ.

ವೇದಿಕೆ_ನಿರ್ವಾಹಕ

ಒಂದು ವಿನಂತಿ. ಮೇಲಿನದೆಲ್ಲ ಪತ್ರಿಕೆಗಳಲ್ಲಿ, ಇಸ್ರೊ ಪ್ರಕಟಣೆಗಳಲ್ಲಿ ಬಂದಿರುವ ವಿಷಯ, ತೊಂದರೆ ಇಲ್ಲ. ಆದರೆ ನಮ್ಮ ಊರಲ್ಲಿ ಎಲ್ಲರಿಗೂ ಒಳಗೆ ಕೆಲಸ ಮಾಡುವ ನೆಂಟರು, ಸ್ನೇಹಿತರು ಇದ್ದಾರೆ. ಅವರ ಬಾಯಿಂದ ಕೇಳಿದ್ದು, ಶಿಫ್ಟ್ ಸಮಯ, ಕಟ್ಟಡದ ಫೋಟೊ, ಇದ್ಯಾವುದನ್ನೂ ಇಲ್ಲಿ ಹಾಕಬೇಡಿ. ಹಾಕಿದರೆ ತೆಗೆದುಹಾಕುತ್ತೇವೆ.

ಬೇಲೂರು_ಬಾಲು

ನನ್ನ ಮನಸ್ಸಿನಲ್ಲಿರೋದು ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆಕಾಶಕ್ಕೂ ಸೈನ್ಯ ಯಾಕೆ ಬೇಕು? ಇನ್ಸಾಟ್ ಬಂದಾಗ ಹವಾಮಾನ, ಟಿವಿ, ಶಾಲೆ ಅಂತ ಹೇಳಿದ್ದರು. ಬಾಹ್ಯಾಕಾಶ ಶಾಂತಿಗೆ ಮಾತ್ರ ಅಂತ ಒಪ್ಪಂದ ಇದೆ ಅಲ್ವಾ? ನಾವೇ 2019ರಲ್ಲಿ ಉಪಗ್ರಹ ಹೊಡೆದುಹಾಕಿದ್ದೇವೆ. ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆ?

ನಿವೃತ್ತ_ರೇಡಾರ್

ಬಾಲು ಅವರೇ, ಕೇಳಬೇಕಾದ ಪ್ರಶ್ನೆಯೇ. ಬೇಜಾರು ಯಾಕೆ?

1967ರ ಒಪ್ಪಂದದಲ್ಲಿ ಅಣುಬಾಂಬ್ ತರಹದ ಸಾಮೂಹಿಕ ನಾಶದ ಆಯುಧವನ್ನು ಕಕ್ಷೆಯಲ್ಲಿ ಇಡಬಾರದು ಅಂತ ಇದೆ. ಚಂದ್ರನ ಮೇಲೆ ಸೇನಾ ನೆಲೆ ಕಟ್ಟಬಾರದು ಅಂತ ಇದೆ. ಆದರೆ ಸೈನ್ಯ ಉಪಗ್ರಹ ಬಳಸಬಾರದು ಅಂತ ಇಲ್ಲ. ಬೇರೆ ಆಯುಧಗಳನ್ನೂ ಅದು ಪೂರ್ತಿ ತಡೆಯಲ್ಲ. ಆ ಸಂದಿಯಲ್ಲೇ ಎಲ್ಲಾ ನಡೆದಿರೋದು.

ಯಾವ ಯಾವ ಸೇನೆ ಪಾಲುಗೊಂಡಿದೆ ಅನ್ನುವುದಕ್ಕೂ ಇದರಲ್ಲಿ ಉತ್ತರ ಇದೆ. 1985ರಲ್ಲಿ ಅಮೆರಿಕದ ವಾಯುಪಡೆ ಎಫ್-15 ವಿಮಾನದಿಂದ ಕ್ಷಿಪಣಿ ಹಾರಿಸಿ ತನ್ನದೇ ಒಂದು ಉಪಗ್ರಹ ಒಡೆಯಿತು. 2008ರಲ್ಲಿ ಅದೇ ಕೆಲಸ ಮಾಡಿದ್ದು ಅವರ ನೌಕಾಪಡೆ, ಲೇಕ್ ಈರಿ ಅನ್ನುವ ಹಡಗಿನಿಂದ. ಕೆಟ್ಟುಹೋದ ಒಂದು ಬೇಹುಗಾರಿಕೆ ಉಪಗ್ರಹ ಕೆಳಗೆ ಬೀಳುತ್ತಿತ್ತು, ಅದನ್ನು ಹೊಡೆದರು. ನಮ್ಮ ಮಿಷನ್ ಶಕ್ತಿ 2019ರ ಮಾರ್ಚ್ 27ಕ್ಕೆ ಆಯಿತು. ಮಾಡಿದ್ದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ, ಒಡಿಶಾದ ಅಬ್ದುಲ್ ಕಲಾಂ ದ್ವೀಪದಿಂದ. ಗುರಿ 300 ಕಿಲೋಮೀಟರ್ ಒಳಗಿತ್ತು, ಚೂರುಗಳು ಬೇಗ ಕೆಳಗೆ ಬಿದ್ದು ಸುಟ್ಟುಹೋಗಲಿ ಅಂತ. ಬಹುಪಾಲು ಹಾಗೇ ಆಯಿತು. ಆದರೆ ಕೆಲವು ಚೂರು ಇನ್ನೂ ಮೇಲಕ್ಕೆ ಸಿಡಿದು ತುಂಬಾ ಕಾಲ ಸುತ್ತುತ್ತಿದ್ದವು, ಅದನ್ನೂ ಹೇಳಬೇಕು.

ಚೀನಾ 2007ರ ಜನವರಿಯಲ್ಲಿ ಒಡೆದದ್ದು 860 ಕಿಲೋಮೀಟರ್ ಎತ್ತರದ ಹವಾಮಾನ ಉಪಗ್ರಹ. ಮೂರು ಸಾವಿರಕ್ಕೂ ಹೆಚ್ಚು ದೊಡ್ಡ ಚೂರು. ಆ ಎತ್ತರದಲ್ಲಿ ಗಾಳಿ ಇಲ್ಲದಷ್ಟು ಕಡಿಮೆ, ಹಾಗಾಗಿ ಬೀಳಲ್ಲ, ಇವತ್ತಿಗೂ ಎಷ್ಟೋ ಸುತ್ತುತ್ತಿವೆ. ರಷ್ಯಾ 2021ರ ನವೆಂಬರ್ 15ಕ್ಕೆ ಒಡೆದಾಗ ಸಾವಿರದೈನೂರಕ್ಕೂ ಹೆಚ್ಚು ಚೂರು ಬಂದವು, ಬಾಹ್ಯಾಕಾಶ ನಿಲ್ದಾಣದಲ್ಲಿ ಇದ್ದವರು ತಮ್ಮ ನೌಕೆಗಳ ಒಳಗೆ ಹೋಗಿ ಕೂತರು. ಅವರಲ್ಲಿ ರಷ್ಯಾದವರೂ ಇದ್ದರು.

ಹಾಗಾಗಿ ಒಡೆಯುವುದನ್ನು ನಾನು ಬೆಂಬಲಿಸಲ್ಲ. ಚೂರಿಗೆ ನಮ್ಮದು ಅವರದು ಅಂತ ಗೊತ್ತಿಲ್ಲ. ಆದರೆ ಕಾಯುವುದು ಬೇಕೇ ಬೇಕು. ಉಪಗ್ರಹ ಮುಟ್ಟದೆಯೇ ಕೆಡಿಸಬಹುದು ಅನ್ನುವುದನ್ನು ಉಕ್ರೇನ್‌ನಲ್ಲಿ ನೋಡಿದೆವು. 2022ರ ಫೆಬ್ರವರಿ 24ರ ಬೆಳಿಗ್ಗೆ ಯುದ್ಧ ಶುರುವಾಗುವ ಹೊತ್ತಿಗೆ ವಯಾಸ್ಯಾಟ್ ಕಂಪನಿಯ ಉಪಗ್ರಹ ಇಂಟರ್ನೆಟ್ ಬಳಸುತ್ತಿದ್ದ ಸಾವಿರಾರು ಮೋಡೆಮ್‌ಗಳು ಒಟ್ಟಿಗೆ ಸತ್ತವು. ಉಪಗ್ರಹಕ್ಕೆ ಏನೂ ಆಗಿರಲಿಲ್ಲ. ನೆಲದ ಮೇಲಿನ ನೆಟ್‌ವರ್ಕ್ ಒಳಗೆ ನುಗ್ಗಿ ಮೋಡೆಮ್‌ಗಳನ್ನು ಅಳಿಸಿಹಾಕಿದ್ದರು. ಜರ್ಮನಿಯಲ್ಲಿ 5,800 ಗಾಳಿಯಂತ್ರಗಳನ್ನು ದೂರದಿಂದ ನೋಡಿಕೊಳ್ಳುವುದೂ ನಿಂತುಹೋಯಿತು. ಎಲ್ಲಿಯ ಉಕ್ರೇನ್, ಎಲ್ಲಿಯ ಗಾಳಿಯಂತ್ರ. ಹವಾಮಾನ, ಟಿವಿ, ಶಾಲೆ ಅಂದಿರಲ್ಲ, ಅವೂ ಇದೇ ತರಹದ ನೆಲದ ಸಂಪರ್ಕದ ಮೇಲೇ ನಿಂತಿವೆ.

ಬೇಲೂರು_ಬಾಲು

ಚೂರಿನ ವಿಷಯ ಒಪ್ಪಿದೆ ಸಾರ್. ಎಲ್ಲಾ ದೇಶ ಸೇರಿ ಒಡೆಯೋ ಪರೀಕ್ಷೆ ನಿಲ್ಲಿಸಬೇಕು ಅನ್ನೋದು ನನ್ನ ಅಭಿಪ್ರಾಯ, ನಮ್ಮದೂ ಸೇರಿ. ಕಾಯೋದರ ಬಗ್ಗೆ ತಕರಾರು ಇಲ್ಲ.

ಕಾಫಿನಾಡು_ಕಿರಣ್

ಚಿಕ್ಕಮಗಳೂರಿನಿಂದ. ಹಾಗಾದರೆ ನಮ್ಮಲ್ಲಿ ಇದನ್ನೆಲ್ಲ ನೋಡಿಕೊಳ್ಳೋದು ಯಾರು? ಮೂರು ಸೇನೆಯವರೂ ಅವರವರದ್ದು ಅವರವರೇ ನೋಡಿಕೊಳ್ಳುತ್ತಾರಾ?

ನಿವೃತ್ತ_ರೇಡಾರ್

ಮೊದಲು ಸುಮಾರು ಹಾಗೇ ಇತ್ತು. ಈಗ ಡಿಫೆನ್ಸ್ ಸ್ಪೇಸ್ ಏಜೆನ್ಸಿ ಇದೆ. 2018ರಲ್ಲಿ ತೀರ್ಮಾನ ಆಯಿತು, 2019ರಲ್ಲಿ ಶುರುವಾಯಿತು. ಕೇಂದ್ರ ಬೆಂಗಳೂರು. ಮೂರೂ ಸೇನೆಯ ಅಧಿಕಾರಿಗಳು ಅಲ್ಲಿ ಒಟ್ಟಿಗೆ ಕೆಲಸ ಮಾಡುತ್ತಾರೆ. ಅದೇ ಹೊತ್ತಿಗೆ ಸೈಬರ್ ಏಜೆನ್ಸಿ, ವಿಶೇಷ ಕಾರ್ಯಾಚರಣೆ ವಿಭಾಗ ಅಂತ ಇನ್ನೆರಡು ಶುರುವಾದವು. ಮೊದಲ ಮುಖ್ಯಸ್ಥರನ್ನು ಹಂಚಿದ ರೀತಿ ನೋಡಿ. ಸ್ಪೇಸ್‌ಗೆ ವಾಯುಪಡೆಯ ಏರ್ ವೈಸ್ ಮಾರ್ಷಲ್, ಸೈಬರ್‌ಗೆ ನೌಕಾಪಡೆಯ ರಿಯರ್ ಅಡ್ಮಿರಲ್, ಮೂರನೆಯದಕ್ಕೆ ಭೂಸೇನೆಯ ಮೇಜರ್ ಜನರಲ್. ದೆಹಲಿಯಲ್ಲಿ ಉಪಗ್ರಹ ಚಿತ್ರ ಓದುತ್ತಿದ್ದ ಕೇಂದ್ರ, ಭೋಪಾಲ್‌ನಲ್ಲಿದ್ದ ಸೇನೆಯ ಉಪಗ್ರಹ ನಿಯಂತ್ರಣ ಕೇಂದ್ರ, ಎರಡನ್ನೂ ಇದರೊಳಗೆ ಸೇರಿಸಿದರು.

2019ರ ಜುಲೈನಲ್ಲಿ ಇಂಡ್‌ಸ್ಪೇಸ್‌ಎಕ್ಸ್ ಅಂತ ಮೊದಲ ಅಭ್ಯಾಸ, 2024ರ ನವೆಂಬರ್‌ನಲ್ಲಿ ಅಂತರಿಕ್ಷ ಅಭ್ಯಾಸ ಅಂತ ಮೂರು ದಿನದ ಅಭ್ಯಾಸ ನಡೆಯಿತು. ಉಪಗ್ರಹ ಕೈಕೊಟ್ಟರೆ ಗಡಿಯಲ್ಲಿ ಕೆಲಸ ಹೇಗೆ ನಡೆಯಬೇಕು, ಇಂಥದ್ದನ್ನು ಕೂತು ಆಡಿ ನೋಡುವುದು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 52 ಕಣ್ಗಾವಲು ಉಪಗ್ರಹಗಳಿಗೆ ಒಪ್ಪಿಗೆ ಕೊಟ್ಟಿದೆ, 21 ಇಸ್ರೊ ಮಾಡುತ್ತದೆ, 31 ಖಾಸಗಿಯವರು. ಅಷ್ಟು ಉಪಗ್ರಹ ಬಂದರೆ ದಿನವೂ ಬರುವ ಚಿತ್ರ ಓದುವವರು ಬೇಕು. ಒಂದು ಲಾರಿಯ ನೆರಳು ನೋಡಿ ಅದು ಸೇನೆಯ ವಾಹನವೋ ಮರಳು ಲಾರಿಯೋ ಅಂತ ಹೇಳಬಲ್ಲ ಮನುಷ್ಯ ಒಂದೆರಡು ತಿಂಗಳಲ್ಲಿ ತಯಾರಾಗಲ್ಲ.

ಮಲೆನಾಡು_ಮೇಷ್ಟ್ರು

ಇಲ್ಲೇ ನನ್ನ ತಕರಾರು ಇರೋದು ಸಾರ್. ತಯಾರಾಗಲು ವರ್ಷಗಳು ಬೇಕು ಅಂತ ನೀವೇ ಹೇಳಿದಿರಿ. ನಮ್ಮ ಅಧಿಕಾರಿಗಳು ಎರಡು ಮೂರು ವರ್ಷಕ್ಕೆ ವರ್ಗ ಆಗಿ ಹೋಗುತ್ತಾರೆ. ಕಕ್ಷೆ ಲೆಕ್ಕ ಕೈಗೆ ಹತ್ತುವ ಹೊತ್ತಿಗೆ ಆ ಮನುಷ್ಯ ಬೇರೆ ಊರಿನ ರೇಡಾರ್ ಘಟಕದಲ್ಲಿ ಇರುತ್ತಾನೆ. ಅಮೆರಿಕ ಬೇರೆ ಪಡೆ ಮಾಡಿದ್ದೇ ಅದಕ್ಕೆ. ವಾಯುಪಡೆಯ ಇಲಾಖೆಯ ಒಳಗೇ ಇದ್ದರೂ ಅದರ ಜನ ಬೇರೆ, ಬಡ್ತಿ ಬೇರೆ, ಹಣ ಬೇರೆ. 2022ರಲ್ಲಿ ಅವರ ಭೂಸೇನೆ, ನೌಕಾಪಡೆಯ ಉಪಗ್ರಹ ಘಟಕಗಳನ್ನೂ ಅದಕ್ಕೆ ಕೊಟ್ಟರು. ಸೇರಿದವರು ಕೊನೆವರೆಗೂ ಬಾಹ್ಯಾಕಾಶದ ಕೆಲಸವನ್ನೇ ಮಾಡುತ್ತಾರೆ. ನಮಗೂ ಬೇರೆ ಪಡೆ ಬೇಕು ಅನ್ನೋದು ನನ್ನ ವಾದ.

ನಿವೃತ್ತ_ರೇಡಾರ್

ಮೇಷ್ಟ್ರೇ, ವರ್ಗಾವಣೆ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ಆದರೆ ಬೇರೆ ಪಡೆ ಮಾಡಿದರೆ ಸರಿಹೋಗುತ್ತದೆ ಅಂತ ನಾನು ಒಪ್ಪಲ್ಲ. ರಷ್ಯಾ ನೋಡಿ. 1992ರಲ್ಲಿ ಬೇರೆ ಬಾಹ್ಯಾಕಾಶ ಪಡೆ ಮಾಡಿದರು, 1997ರಲ್ಲಿ ಕ್ಷಿಪಣಿ ಪಡೆಯೊಳಗೆ ಸೇರಿಸಿದರು, 2001ರಲ್ಲಿ ಮತ್ತೆ ಬೇರೆ ಮಾಡಿದರು, 2011ರಲ್ಲಿ ಇನ್ನೊಂದು ಹೆಸರು, 2015ರಲ್ಲಿ ವಾಯುಪಡೆಯೊಂದಿಗೆ ಸೇರಿಸಿ ಏರೋಸ್ಪೇಸ್ ಪಡೆ ಮಾಡಿದರು. ಚೀನಾ 2015ರ ಕೊನೆಗೆ ಬಾಹ್ಯಾಕಾಶ, ಸೈಬರ್ ಎಲ್ಲಾ ಒಟ್ಟುಗೂಡಿಸಿ ಒಂದು ಪಡೆ ಕಟ್ಟಿತು. 2024ರ ಏಪ್ರಿಲ್‌ನಲ್ಲಿ ಅದನ್ನು ಬಿಡಿಸಿ ಏರೋಸ್ಪೇಸ್, ಸೈಬರ್, ಮಾಹಿತಿ ಅಂತ ಮೂರು ಮಾಡಿತು.

ಬ್ರಿಟನ್‌ನವರದ್ದು ನನಗೆ ಇಷ್ಟ. 2021ರ ಏಪ್ರಿಲ್‌ನಲ್ಲಿ ಶುರುವಾದ ಅವರ ಸ್ಪೇಸ್ ಕಮಾಂಡ್‌ನಲ್ಲಿ ನೌಕಾಪಡೆ, ಭೂಸೇನೆ, ವಾಯುಪಡೆ ಮೂರರವರೂ ಇದ್ದಾರೆ, ಸಮವಸ್ತ್ರ ಇಲ್ಲದ ನಾಗರಿಕ ಸಿಬ್ಬಂದಿಯೂ ಇದ್ದಾರೆ. ಫ್ರಾನ್ಸ್ 2020ರಲ್ಲಿ ವಾಯುಪಡೆಯ ಹೆಸರಿಗೇ ಬಾಹ್ಯಾಕಾಶ ಸೇರಿಸಿತು. ಜಪಾನ್ ತನ್ನ ವಾಯುಪಡೆಯೊಳಗೇ 2020ರಲ್ಲಿ ಸಣ್ಣ ತುಕಡಿಯಿಂದ ಶುರುಮಾಡಿತು.

ನಾವಿಕನಿಗೆ ಸಮುದ್ರದ ನಡುವೆ ಉಪಗ್ರಹ ಸಂಪರ್ಕ ತಪ್ಪಿದರೆ ಏನಾಗುತ್ತದೆ ಅಂತ ನಾವಿಕನಿಗೇ ಗೊತ್ತು. ಸಿಯಾಚಿನ್‌ನಲ್ಲಿ ಇದ್ದು ಬಂದವನಿಗೆ ಹವಾಮಾನದ ಚಿತ್ರ ಅರ್ಧ ಗಂಟೆ ತಡವಾದರೆ ಏನು ಅಂತ ಗೊತ್ತು. ಅಂಥವರು ಅಲ್ಲಿ ಕೂತಿರಬೇಕು. ಬೇಕಾದರೆ ಬಂದವರನ್ನು ಎಂಟು ಹತ್ತು ವರ್ಷ ಅಲ್ಲೇ ಇಡಲಿ, ಬಡ್ತಿಯೂ ಅಲ್ಲೇ ಕೊಡಲಿ. ಅದಕ್ಕೆ ಹೊಸ ಪಡೆ ಬೇಡ, ಒಂದು ಆದೇಶ ಸಾಕು.

ಮಲೆನಾಡು_ಮೇಷ್ಟ್ರು

ಆ ಆದೇಶ ಬರುತ್ತದೆ ಅನ್ನುವ ನಂಬಿಕೆ ನಿಮಗಿದೆ, ನನಗಿಲ್ಲ. ಮೂರು ಮನೆಯ ಮಗು ಆದರೆ ಊಟಕ್ಕೆ ಕರೆಯುವವರು ಯಾರು ಅನ್ನೋದೇ ನನ್ನ ಚಿಂತೆ. ಇರಲಿ, ಇದರಲ್ಲಿ ನಾವಿಬ್ಬರೂ ಒಪ್ಪಲ್ಲ.

ಹೇಮಾವತಿ_ಹಾಸನ

ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗಳು ಪಕ್ಕದಲ್ಲೇ ಕೂತು ಎಲ್ಲಾ ಓದಿದಳು. ಪರದೆ ನೋಡುತ್ತಾ ಕೂರುವ ಕೆಲಸ ಅಂತ ಗೊತ್ತಾದರೆ ಮನಸ್ಸು ಬದಲಾಗಬಹುದು ಅಂದುಕೊಂಡೆ, ಇಲ್ಲ, ರೇಡಾರ್ ಲೆಕ್ಕದ ಭಾಗವನ್ನೇ ಮತ್ತೆ ಮತ್ತೆ ಓದಿದಳು. ಈಗ ಅವಳೇ ಕೇಳುತ್ತಾಳಂತೆ, ಫೋನ್ ಕೊಡುತ್ತಿದ್ದೇನೆ.

ಅಂಕಲ್ ನಮಸ್ತೆ. ಎನ್‌ಡಿಎನಲ್ಲಿ ಯಾವ ಸೇನೆ ಮೊದಲು ಬರೆಯಬೇಕು? ಹುಡುಗಿಯರಿಗೆ ಎಲ್ಲದಕ್ಕೂ ಅವಕಾಶ ಇದೆಯಾ? ನನಗೆ ಕನ್ನಡಕ ಇದೆ, ಅದು ತೊಂದರೆ ಆಗುತ್ತಾ?

ನಿವೃತ್ತ_ರೇಡಾರ್

ನಮಸ್ತೆ ಪುಟ್ಟಿ. ಒಂದೊಂದಾಗಿ ಹೇಳುತ್ತೇನೆ.

ಹುಡುಗಿಯರಿಗೆ ಅವಕಾಶ ಇದೆ. 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಎನ್‌ಡಿಎ ಬಾಗಿಲು ತೆರೆಯಿತು. ಮೊದಲ ತಂಡದ 17 ಹುಡುಗಿಯರು 2025ರ ಮೇ ತಿಂಗಳಲ್ಲಿ ಪಾಸಾಗಿ ಹೊರಬಂದರು. ಪರೀಕ್ಷೆಯನ್ನು ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ. ವಾಯುಪಡೆ, ನೌಕಾಪಡೆಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಬೇಕು, ನಿನಗೆ ಇದೆ.

ಬಾಹ್ಯಾಕಾಶಕ್ಕೆ ಅಂತಲೇ ಅರ್ಜಿ ಇಲ್ಲ. ಮೊದಲು ಒಂದು ಸೇನೆ ಸೇರಬೇಕು, ಅಲ್ಲಿ ತಾಂತ್ರಿಕ ವಿಭಾಗದಲ್ಲಿ ಕೆಲಸ ಕಲಿಯಬೇಕು, ಆಮೇಲೆ ಡಿಫೆನ್ಸ್ ಸ್ಪೇಸ್ ಏಜೆನ್ಸಿಯಂಥ ಕಡೆ ಪೋಸ್ಟಿಂಗ್ ಸಿಗುವ ಸಾಧ್ಯತೆ. ಸಿಕ್ಕೇ ಸಿಗುತ್ತದೆ ಅಂತ ಯಾರೂ ಮಾತು ಕೊಡಲ್ಲ. ನನ್ನನ್ನು ಕೇಳಿದರೆ ವಾಯುಪಡೆಯ ಗ್ರೌಂಡ್ ಡ್ಯೂಟಿ ಟೆಕ್ನಿಕಲ್ ಮೊದಲು ಬರೆ. ಭೂಸೇನೆಗೆ ಹೋದರೆ ಸಂಪರ್ಕದ ಕೆಲಸ ಮಾಡುವ ಸಿಗ್ನಲ್ಸ್ ಕೋರ್ ಕಡೆ ನೋಡು.

ಕನ್ನಡಕದ ವಿಷಯ. ವಿಮಾನ ಹಾರಿಸುವವರಿಗೆ ನಿಯಮ ತುಂಬಾ ಬಿಗಿ. ಗ್ರೌಂಡ್ ಡ್ಯೂಟಿಗೆ ಸ್ವಲ್ಪ ಸಡಿಲ, ಆದರೂ ಮಿತಿ ಇದೆ. ಅರ್ಜಿ ಹಾಕುವ ಮೊದಲೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಪವರ್ ಎಷ್ಟು ಅಂತ ಬರೆಸಿಕೊಂಡು, ಯುಪಿಎಸ್‌ಸಿ ಅಧಿಸೂಚನೆಯಲ್ಲಿರುವ ಅಳತೆ ಜೊತೆ ಹೋಲಿಸಿ ನೋಡು. ಬಣ್ಣ ಗುರುತಿಸುವ ಪರೀಕ್ಷೆಯನ್ನೂ ಮಾಡಿಸು.

ಮಲೆನಾಡು_ಮೇಷ್ಟ್ರು

ಇನ್ನೊಂದು ದಾರಿಯನ್ನೂ ತಲೆಯಲ್ಲಿ ಇಟ್ಟುಕೊಳ್ಳಮ್ಮ. ಎನ್‌ಡಿಎ ಸಿಗದಿದ್ದರೆ ಅಲ್ಲಿಗೇ ಮುಗಿಯಲ್ಲ. ಎಲೆಕ್ಟ್ರಾನಿಕ್ಸ್ ಬಿಇ ಮಾಡಿ ಎಎಫ್‌ಕ್ಯಾಟ್ ಬರೆದು ವಾಯುಪಡೆಗೆ ಹೋಗಬಹುದು, ಭೂಸೇನೆ, ನೌಕಾಪಡೆಯ ಶಾರ್ಟ್ ಸರ್ವಿಸ್ ತಾಂತ್ರಿಕ ಹುದ್ದೆಗೂ ಹೋಗಬಹುದು. ಸಮವಸ್ತ್ರ ಬೇಡ, ಕೆಲಸ ಸಾಕು ಅನ್ನಿಸಿದರೆ ಇಸ್ರೊ ಪರೀಕ್ಷೆ ಇದೆ, ಆಗ ನಿಮ್ಮ ಮನೆ ರಸ್ತೆಯಲ್ಲೇ ಕೆಲಸ ಸಿಕ್ಕರೂ ಸಿಗಬಹುದು. ಸದ್ಯಕ್ಕೆ ಎನ್‌ಡಿಎ ಮ್ಯಾಥ್ಸ್ ಪೇಪರ್ ಮೇಲೆ ಗಮನ ಕೊಡು. ಟ್ರಿಗನಾಮೆಟ್ರಿ, ವೆಕ್ಟರ್ ಎರಡನ್ನೂ ಗಟ್ಟಿ ಮಾಡಿಕೊ. ಹಳೆ ಪ್ರಶ್ನೆಪತ್ರಿಕೆಗಳು ಯುಪಿಎಸ್‌ಸಿ ವೆಬ್‌ಸೈಟಿನಲ್ಲೇ ಉಚಿತವಾಗಿ ಸಿಗುತ್ತವೆ. ಗೊತ್ತಾಗದ ಲೆಕ್ಕ ಇದ್ದರೆ ಇಲ್ಲೇ ಹಾಕು, ಬಿಡಿಸಿಕೊಡುತ್ತೇನೆ.